ಕದಲದ ಕುರ್ಚಿ: ಸುಗಂಧ ಪ್ರಯೋಗಾಲಯದಲ್ಲಿ ನನ್ನ ಅನುಭವ

ಮುಂಬೈ ಹೊರವಲಯದ ಅಂಬರನಾಥದಲ್ಲಿ ಸುಗಂಧದ ಕಚ್ಚಾ ಪದಾರ್ಥ ತಯಾರಿಸುವ ಸಣ್ಣ ಘಟಕವೊಂದರ ಪ್ರಯೋಗಾಲಯ ನನ್ನ ಹೊಣೆಯಲ್ಲಿದೆ. ಎಂ.ಎಸ್‌ಸಿ. ಮುಗಿಸಿ ಧಾರವಾಡ, ಕಲಬುರಗಿ ಕಡೆಯಿಂದ ಬರುವ ಹುಡುಗರಿಗೆ ನಾನು ಮೊದಲು ಕೊಡುವ ಕೆಲಸವೆಂದರೆ ಆರು ಇಂಗಾಲದ ಉಂಗುರಕ್ಕೆ ದಪ್ಪನೆಯ ಟರ್ಷಿಯರಿ-ಬ್ಯುಟೈಲ್ ಗುಂಪು ಅಂಟಿಕೊಂಡಿರುವ 4-ಟರ್ಷಿಯರಿ-ಬ್ಯುಟೈಲ್ ಸೈಕ್ಲೋಹೆಕ್ಸನೋನ್ ಎಂಬ ಕೀಟೋನನ್ನು, ಹೈಡ್ರೋಜನ್ ಒದಗಿಸುವ ಸೋಡಿಯಂ ಬೋರೋಹೈಡ್ರೈಡ್‌ನಿಂದ ಆಲ್ಕೊಹಾಲ್ ಆಗಿಸುವುದು.

ಮೂರು ಇಂಗಾಲದ ಉಂಗುರವಾದ ಸೈಕ್ಲೋಪ್ರೊಪೇನ್‌ನಲ್ಲಿ ಮೋಲಿಗೆ ಸುಮಾರು 115 ಕಿಲೋಜೂಲ್ ಇರುವ ಬಿಗಿತ ಆರು ಇಂಗಾಲದ ಉಂಗುರದಲ್ಲಿ ಸೊನ್ನೆಗೆ ಹತ್ತಿರವಾಗುತ್ತದೆ, ಏಕೆಂದರೆ ಉಂಗುರವು ಚಪ್ಪಟೆಯಾಗಿರದೆ ಕುರ್ಚಿಯಂತೆ ಮಡಚಿಕೊಳ್ಳುತ್ತದೆ. ಜರ್ಮನ್ ರಸಾಯನಶಾಸ್ತ್ರಜ್ಞ ಸಾಕ್ಸೆ 1890ರಲ್ಲೇ ಇದನ್ನು ಹೇಳಿದ್ದರೂ ಅಣುಗಳ ಇಂಥ ಆಕಾರದ ಅಧ್ಯಯನಕ್ಕಾಗಿ ಹಾಸೆಲ್ ಮತ್ತು ಬಾರ್ಟನ್ ಅವರಿಗೆ ನೊಬೆಲ್ ಬಂದದ್ದು 1969ರಲ್ಲಿ. ಆದರೆ ಸಾಧಾರಣ ಸೈಕ್ಲೋಹೆಕ್ಸೇನ್ ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಲಕ್ಷದ ಪ್ರಮಾಣದಲ್ಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಮಗುಚುವುದರಿಂದ, ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟ ಅಣುವಿನ ಹೈಡ್ರೋಜನ್‌ಗಳ ಸಂಕೇತ ಓದುವ ವಿಧಾನದಲ್ಲಿ) ಅದರ ಆಕ್ಸಿಯಲ್ (ಉಂಗುರಕ್ಕೆ ಲಂಬವಾಗಿ ನಿಂತ) ಮತ್ತು ಇಕ್ವಟೋರಿಯಲ್ (ಅಂಚಿನಿಂದ ಹೊರಚಾಚಿದ) ಹೈಡ್ರೋಜನ್‌ಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಟರ್ಷಿಯರಿ-ಬ್ಯುಟೈಲ್ ಗುಂಪು ಆಕ್ಸಿಯಲ್ ಸ್ಥಾನಕ್ಕೆ ಬಂದರೆ ಅದೇ ಮುಖದ ಹೈಡ್ರೋಜನ್‌ಗಳಿಗೆ ಒತ್ತುತ್ತದೆ. ಅದಕ್ಕೆ ತೆರಬೇಕಾದ ಶಕ್ತಿ ಮೋಲಿಗೆ ಸುಮಾರು 20 ಕಿಲೋಜೂಲ್. ಹೀಗಾಗಿ ಸಾವಿರಾರು ಅಣುಗಳಲ್ಲಿ ಒಂದೋ ಎರಡೋ ಮಾತ್ರ ಆ ಸ್ಥಿತಿಯಲ್ಲಿರುತ್ತವೆ, ಉಂಗುರ ಬೀಗ ಹಾಕಿದಂತಾಗುತ್ತದೆ.

ಆಗ ಎನ್‌ಎಂಆರ್ ಓದುವುದು ಸುಲಭ. ಹೈಡ್ರಾಕ್ಸಿಲ್ (OH) ಮತ್ತು ಬ್ಯುಟೈಲ್ ಗುಂಪುಗಳು ಉಂಗುರದ ಎದುರುಬದುರು ಮುಖಗಳಲ್ಲಿರುವ ಟ್ರಾನ್ಸ್ ಆಲ್ಕೊಹಾಲ್‌ನಲ್ಲಿ ಹೈಡ್ರಾಕ್ಸಿಲ್ ಇರುವ ಇಂಗಾಲದ ಹೈಡ್ರೋಜನ್ ಆಕ್ಸಿಯಲ್, ಅದು ಎನ್‌ಎಂಆರ್ ಅಳತೆಪಟ್ಟಿಯ 3.5 ಪಿಪಿಎಂ ಬಳಿ, ಪಕ್ಕದ ಹೈಡ್ರೋಜನ್‌ಗಳು ಸಂಕೇತವನ್ನು ಸೀಳುವ ಸುಮಾರು 11 ಹರ್ಟ್ಸ್‌ನ ದೊಡ್ಡ ಜೋಡಣೆಗಳಿಂದಾಗಿ, ಅಗಲವಾಗಿ ಹರಡಿಕೊಳ್ಳುತ್ತದೆ. ಎರಡೂ ಗುಂಪುಗಳು ಒಂದೇ ಮುಖದಲ್ಲಿರುವ ಸಿಸ್‌ನದು 4.0ರ ಬಳಿ ಕಿರಿದಾಗಿ ನಿಲ್ಲುತ್ತದೆ. ಬೋರೋಹೈಡ್ರೈಡ್ ಚಿಕ್ಕದಾದ್ದರಿಂದ ಆಕ್ಸಿಯಲ್ ದಿಕ್ಕಿನಿಂದ ನುಗ್ಗಿ ಹೆಚ್ಚಾಗಿ ಟ್ರಾನ್ಸ್ ಕೊಡುತ್ತದೆ. ಅದೇ ಕೆಲಸ ಮಾಡುವ ಮೈದುಂಬಿದ ಎಲ್-ಸೆಲೆಕ್ಟ್ರೈಡ್‌ಗೆ ಆ ದಾರಿ ಇಕ್ಕಟ್ಟಾಗಿ ಬಹುಪಾಲು ಸಿಸ್ ಬರುತ್ತದೆ.

ನಮ್ಮ ವ್ಯಾಪಾರದ ವಿಚಿತ್ರವೆಂದರೆ, ಈ ಆಲ್ಕೊಹಾಲ್‌ನಿಂದ ಮಾಡುವ ಅಸಿಟೇಟ್ ಎಂಬ ಎಸ್ಟರ್‌ನಲ್ಲಿ ಮರದ ಪರಿಮಳ ಹೆಚ್ಚು ಗಾಢವಾಗಿರುವುದು ಸಿಸ್‌ನಲ್ಲಿ, ಅಂದರೆ ಕಡಿಮೆ ಸ್ಥಿರವಾದುದರಲ್ಲಿ. ಇದೇ ಆಲ್ಕೊಹಾಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಪ್ಯಾರಾ-ಟರ್ಷಿಯರಿ-ಬ್ಯುಟೈಲ್ ಫೀನಾಲ್‌ಗೆ ಹೈಡ್ರೋಜನ್ ಸೇರಿಸುವಾಗ ರೋಡಿಯಂ ವೇಗವರ್ಧಕದಿಂದ ಸಿಸ್ ಪಾಲು ಏರುತ್ತದೆ. ಆದರೆ ಆಲ್ಕೊಹಾಲ್ ಸಮತೋಲನಕ್ಕೆ ಬರಲು ಅವಕಾಶ ಸಿಕ್ಕರೆ ಟ್ರಾನ್ಸ್ ಮುಕ್ಕಾಲು ಪಾಲನ್ನು ಆಕ್ರಮಿಸುತ್ತದೆ. ಆದ್ದರಿಂದ ಹೈಡ್ರೋಜನ್ ಹೀರುವಿಕೆ ನಿಂತ ಕೂಡಲೇ ಬ್ಯಾಚ್ ತಣಿಸಿ ವೇಗವರ್ಧಕವನ್ನು ಸೋಸಿ ತೆಗೆಯುವುದು ನನ್ನ ಕಟ್ಟುನಿಟ್ಟು. ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಜಿಸಿಯ (ಗ್ಯಾಸ್ ಕ್ರೊಮ್ಯಾಟೋಗ್ರಫಿಯ) ಬರಿಯ ಪೀಕ್‌ಗಳನ್ನು ನಾನು ನಂಬುವುದಿಲ್ಲ. ಯಾವ ಪೀಕ್ ಸಿಸ್ ಎಂಬುದನ್ನು ಎನ್‌ಎಂಆರ್‌ನ ಆ ಎರಡು ಸಂಕೇತಗಳಿಂದ ಖಚಿತಪಡಿಸಿಕೊಂಡ ಮೇಲೆಯೇ ಮಾದರಿಯನ್ನು ಖರೀದಿದಾರರಿಗೆ ಕಳುಹಿಸುತ್ತೇನೆ.