ಹಳೇ ಗೇಮ್‌ಗಳ ಪಿಸಿಗೆ ಯಾವ ವಿಂಡೋಸ್?

ಮೊದಲು ಆಡಬೇಕಾದ ಗೇಮ್‌ಗಳ ಪಟ್ಟಿ ಮಾಡಿ, ಓಎಸ್ (ಆಪರೇಟಿಂಗ್ ಸಿಸ್ಟಮ್) ಆಮೇಲೆ. 1995ರಿಂದ 2000ದ ಆಸುಪಾಸಿನವೇ ಹೆಚ್ಚಿದ್ದರೆ ಪೆಂಟಿಯಂ 3, 256 ಎಂಬಿ ರ‍್ಯಾಮ್, ವಿಂಡೋಸ್ 98 ಸೆಕೆಂಡ್ ಎಡಿಷನ್ ಸಾಕು. ಅದರಲ್ಲಿ ಹಳೇ ಗೇಮ್‌ಗಳಿಗೆ ಬೇಕಾಗುವ ಅಸಲಿ ಡಾಸ್ (ವಿಂಡೋಸ್‌ಗೂ ಮುಂಚಿನ ಓಎಸ್) ಮೋಡ್ ಇದೆ. ವಿಂಡೋಸ್ ಮಿಲೆನಿಯಮ್ ಎಡಿಷನ್‌ನಲ್ಲಿ ಅದನ್ನು ಮುಚ್ಚಿಟ್ಟಿದ್ದಾರೆ, ಹಾಗಾಗಿ ಬೇಡ.

ರ‍್ಯಾಮ್ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲವೇ? 98ಕ್ಕೆ ಅಲ್ಲ. 512 ಎಂಬಿ ದಾಟಿದರೆ ಡಿಸ್ಕ್ ಕ್ಯಾಶ್ (ಡಿಸ್ಕ್‌ನ ಡೇಟಾವನ್ನು ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇಡುವ ಜಾಗ) ಅತಿಯಾಗಿ ಬೆಳೆದು, 'ಮೆಮೊರಿ ಸಾಲದು' ಎಂಬ ತಮಾಷೆಯ ದೂರು ಬರಬಹುದು. ಅದಕ್ಕೆ ಮಿತಿ ಹಾಕಲು ಸಿಸ್ಟಮ್ ಡಾಟ್ ಐಎನ್‌ಐ ಫೈಲ್‌ನ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್‌ಗೆ 262144 ಕೊಡಿ. ಇಲ್ಲವೇ ಒಂದು ರ‍್ಯಾಮ್ ಕಿತ್ತಿಡಿ. ಡಿಸ್ಕ್ 120 ಜಿಬಿ ಮೀರದಿರಲಿ: 137 ಜಿಬಿ ಗಡಿಯಾಚೆ ಬರೆಯಹೋದರೆ ಡೇಟಾ ಕೆಡುತ್ತದೆ.

2001ರ ನಂತರದವಕ್ಕೆ ವಿಂಡೋಸ್ ಎಕ್ಸ್‌ಪಿ. ಎರಡೂ ಬೇಕಿದ್ದರೆ ಡಿಸ್ಕ್‌ನ ಮೊದಲ ಪಾರ್ಟಿಷನ್ (ಭಾಗ) ಫ್ಯಾಟ್32 (98 ಓದಬಲ್ಲ ಫೈಲ್ ವ್ಯವಸ್ಥೆ) ಮಾಡಿ, 98 ಮೊದಲು ಹಾಕಿ. ತಿರುಗುಮುರುಗಾದರೆ ಎಕ್ಸ್‌ಪಿ ಬೂಟ್ ಆಗದು.