ಮೊದಲು ಎಸ್‌ಎಂಪಿಎಸ್, ಆಮೇಲೆ ಮಿಕ್ಕಿದ್ದು

2016ರ ಮೇ ತಿಂಗಳು. ಸಂಜೆ ಹೊತ್ತಿಗೆ ಹನುಮಂತನಗರದಲ್ಲಿ ಗುಡುಗು ಮಳೆ ಶುರುವಾಯಿತು. ನಾನು ಒಂದು ಮದುವೆ ಆಲ್ಬಮ್ ಡಿಸೈನ್ ಮಾಡುತ್ತಾ ಕೂತಿದ್ದೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಕಂಪ್ಯೂಟರ್ ಒಳಗಿಂದ ಪಟ್ ಅಂತ ಸದ್ದು, ಸುಟ್ಟ ವಾಸನೆ. ಆಮೇಲೆ ಅದು ಆನ್ ಆಗಲೇ ಇಲ್ಲ.

ಸುಟ್ಟಿದ್ದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬ ಅದು. ಅದೊಂದೇ ಹೋಗಿದ್ದರೆ ಸಹಿಸಬಹುದಿತ್ತು. ಜತೆಗೆ ಮದರ್‌ಬೋರ್ಡೂ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ಧಾರೆಯ ಫೋಟೊಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಕ್ಯಾಮೆರಾ ಕಾರ್ಡನ್ನು ಅಷ್ಟರಲ್ಲಿ ಇನ್ನೊಂದು ಮದುವೆಗೆ ಬಳಸಿಬಿಟ್ಟಿದ್ದೆ. ಹುಡುಗಿಯ ಮನೆಗೆ ಹೋಗಿ ವಿಷಯ ಹೇಳಬೇಕಾಯಿತು. ಅವರ ತಂದೆ ಬೈಯಲಿಲ್ಲ. "ಧಾರೆದು ಒಂದೂ ಇಲ್ವೇನಪ್ಪಾ?" ಅಂತ ಎರಡು ಸಲ ಕೇಳಿದರು, ಅಷ್ಟೇ. ಆ ಮಾತು ಇನ್ನೂ ಕಿವಿಯಲ್ಲಿದೆ.

ಆ ಎಸ್‌ಎಂಪಿಎಸ್ ನಾನು ಆರಿಸಿದ್ದಲ್ಲ. ಕ್ಯಾಬಿನೆಟ್ ಜತೆಗೇ ಬಂದಿತ್ತು. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡವನು ಇದರ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಸುಟ್ಟ ಮೇಲೆ ಬಿಚ್ಚಿ, ಪಕ್ಕದ ಸ್ಟಿಕ್ಕರನ್ನು ಮೊದಲ ಸಲ ಪೂರ್ತಿ ಓದಿದೆ. 12 ವೋಲ್ಟ್ ಸಾಲಿನಲ್ಲಿ 16 ಆಂಪ್ ಅಂತಿತ್ತು. 12 ಇಂಟು 16, ಅಂದರೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಿನ ಪವರ್ ಎಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ದೊಡ್ಡಕ್ಷರದ 450ಕ್ಕೆ ಅರ್ಥವೇ ಇರಲಿಲ್ಲ.

2023ರ ಕೊನೆಯಲ್ಲಿ ಹೊಸ ಡೆಸ್ಕ್‌ಟಾಪ್ ಜೋಡಿಸಲು ಹೊರಟಾಗ ಪಟ್ಟಿಯನ್ನು ತಲೆಕೆಳಗಾಗಿ ಬರೆದೆ. ಮೊದಲ ಸಾಲು ಎಸ್‌ಎಂಪಿಎಸ್. ಪ್ರೊಸೆಸರ್ ಕೊನೆಗೆ.

ಲೆಕ್ಕ ಹೀಗಿತ್ತು. ರೈಜೆನ್ 5 7600 ಪ್ರೊಸೆಸರ್ ಜಾಸ್ತಿ ಅಂದರೆ 88 ವ್ಯಾಟ್ ಎಳೆಯುತ್ತದೆ. ಆರ್‌ಟಿಎಕ್ಸ್ 3060 ಕಾರ್ಡ್ 170. ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಇನ್ನೊಂದು 50 ಇಟ್ಟುಕೊಂಡೆ. ಒಟ್ಟು 300 ಚಿಲ್ಲರೆ. ನಾನು ತಗೊಂಡಿದ್ದು 650 ವ್ಯಾಟಿನದು. ಅದರ ಸ್ಟಿಕ್ಕರಿನಲ್ಲಿ 12 ವೋಲ್ಟಿಗೆ 54 ಆಂಪ್ ಇತ್ತು, ಅಂದರೆ 648 ವ್ಯಾಟ್. ಹೇಳಿದ್ದಕ್ಕೂ ಕೊಡುವುದಕ್ಕೂ ತಾಳೆಯಾಗಬೇಕು, ಮುಖ್ಯ ಅದು. ಅರ್ಧ ಹೊರೆಯಲ್ಲಿ ಓಡುವ ಎಸ್‌ಎಂಪಿಎಸ್ ಬಿಸಿ ಕಡಿಮೆ, ಸದ್ದೂ ಕಡಿಮೆ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಗುರುತನ್ನು ಬಹಳ ಜನ ಗುಣಮಟ್ಟದ ಮುದ್ರೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಹೇಳುವುದು ಒಂದೇ ವಿಷಯ: ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಬಿಸಿಯಾಗಿ ಪೋಲಾಗದೆ ಒಳಗೆ ತಲುಪುತ್ತದೆ. ವೋಲ್ಟೇಜ್ ಏರಿದಾಗ ತಾನೇ ಆಫ್ ಆಗುತ್ತದಾ, ಶಾರ್ಟ್ ಆದರೆ ನಿಲ್ಲುತ್ತದಾ, ಅದನ್ನು ಅದು ಹೇಳುವುದಿಲ್ಲ. ಅದಕ್ಕೇ ನಾನು ಬೇರೆ ಮೂರು ವಿಷಯ ನೋಡಿದೆ. ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್ ರಕ್ಷಣೆಗಳು ಇವೆಯಾ? ಒಳಗೆ ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಕೆಪಾಸಿಟರುಗಳು 105 ಡಿಗ್ರಿ ಬಿಸಿ ತಡೆಯುವವಾ, 85 ಡಿಗ್ರಿ ಮಾತ್ರ ತಡೆಯುವವಾ? ಕೆಪಾಸಿಟರ್ ಹತ್ತು ಡಿಗ್ರಿ ತಣ್ಣಗಿದ್ದರೆ ಅದರ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಮೂರನೆಯದು ವಾರಂಟಿ. ತಯಾರಿಸಿದವರೇ ಏಳು ವರ್ಷ, ಹತ್ತು ವರ್ಷ ಕೊಡುತ್ತಾರೆ ಅಂದರೆ ಅವರಿಗೆ ತಮ್ಮ ಮಾಲಿನ ಮೇಲೆ ಧೈರ್ಯ ಇದೆ ಅಂತಲೇ ಅರ್ಥ.

ಒಂದು ಶನಿವಾರ ಬೆಳಗ್ಗೆ ಕೆ.ಆರ್. ಮಾರ್ಕೆಟ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು, ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆದೆ. ಮೊದಲ ಅಂಗಡಿಯಲ್ಲೇ ಹುಡುಗ ಕೇಳಿದ: "ಸರ್, ಕ್ಯಾಬಿನೆಟ್ ಜತೆನೇ ಎಸ್‌ಎಂಪಿಎಸ್ ಬರುತ್ತೆ. ಸುಮ್ನೆ ಯಾಕೆ ಅಷ್ಟು ದುಡ್ಡು ಹಾಕ್ತೀರಾ?" ಅವನ ಮೇಲೆ ನನಗೆ ಕೋಪ ಬರಲಿಲ್ಲ. ಬರುವವರಲ್ಲಿ ಮುಕ್ಕಾಲು ಜನ ಅದನ್ನೇ ಕೇಳುತ್ತಾರೇನೋ. "ಒಂದು ಸಲ ಸುಟ್ಟಿದೆ ಕಣಪ್ಪಾ, ಬೇರೆನೇ ಕೊಡು" ಅಂದೆ.

ಅಲ್ಲಿ ಇನ್ನೊಂದು ಮಾತು ಸಾಮಾನ್ಯ. ಬಿಲ್ ಬೇಡ ಅಂದರೆ ಇಷ್ಟು ಕಡಿಮೆ ಅನ್ನುವುದು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ ಮಾಡಿಸಿ, ಒಂದೊಂದು ಭಾಗದ ಸೀರಿಯಲ್ ನಂಬರೂ ಅದರಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಡಬ್ಬದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರ್ ಇದೆಯಾ ಅಂತ ತಿರುಗಿಸಿ ನೋಡಿ. ಅದಿಲ್ಲ ಅಂದರೆ ಮಾಲು ಬೇರೆ ದಾರಿಯಲ್ಲಿ ಬಂದಿರುವ ಸಾಧ್ಯತೆ ಇದೆ. ಕೆಟ್ಟಾಗ ಇಲ್ಲಿನ ಸರ್ವಿಸ್ ಸೆಂಟರಿನವರು ಕೈ ಎತ್ತಿಬಿಡಬಹುದು. ಪ್ರೊಸೆಸರನ್ನೂ ಸೀಲ್ ಆದ ಡಬ್ಬದಲ್ಲೇ ತಗೊಂಡೆ. ಬಿಡಿಯಾಗಿ ಟ್ರೇಯಿಂದ ತೆಗೆದು ಕೊಡುವುದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುವುದಿಲ್ಲ.

ರ‍್ಯಾಮ್ ವಿಷಯದಲ್ಲಿ ಒಂದು ಒಳ್ಳೆಯ ಅಭ್ಯಾಸ ಇತ್ತು, ಅದು ಕಾಪಾಡಿತು. 16 ಜಿಬಿಯ ಎರಡು ಕಡ್ಡಿ ಒಂದೇ ಪ್ಯಾಕೆಟ್ಟಿನಲ್ಲಿ ಬಂದದ್ದನ್ನು ಆರಿಸಿದ್ದೆ. ಮದರ್‌ಬೋರ್ಡ್ ಕಂಪನಿ ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿಯಲ್ಲಿ ಅದರ ಮಾಡೆಲ್ ನಂಬರ್ ಇರುವುದನ್ನೂ ನೋಡಿದ್ದೆ. ಈಗ ಎರಡು, ಮುಂದೆ ಇನ್ನೆರಡು ಅನ್ನುವ ಆಸೆ ಈ ಪ್ರೊಸೆಸರಿಗೆ ಹೊಂದುವುದಿಲ್ಲ. ಎರಡು ಕಡ್ಡಿಗೆ 5200 ವೇಗ ಕೊಡುವ ಪ್ರೊಸೆಸರ್ ಕಂಪನಿ, ನಾಲ್ಕು ಹಾಕಿದರೆ 3600ಕ್ಕೆ ಮಾತ್ರ ಭರವಸೆ ಕೊಡುತ್ತದೆ. ಇಷ್ಟೆಲ್ಲ ನೋಡಿ ತಂದ ಮೇಲೂ, ವಿಂಡೋಸ್ ಹಾಕುವ ಮೊದಲೇ, ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಪ್ಲಸ್ ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ಕಾಫಿ ಹಿಡಿದು ಬಂದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಒಂದೊಂದೇ ಕಡ್ಡಿ ಹಾಕಿ ಮತ್ತೆ ಓಡಿಸಿದಾಗ ತಪ್ಪು ಒಂದರಲ್ಲೇ ಅಂತ ಗೊತ್ತಾಯಿತು. ಮೂರನೇ ದಿನ ಅಂಗಡಿಗೆ ಒಯ್ದೆ, ಬಿಲ್ ನೋಡಿ ಪೂರ್ತಿ ಪ್ಯಾಕೆಟ್ ಬದಲಿಸಿಕೊಟ್ಟರು. ಅದನ್ನು ಹಾಗೇ ಬಳಸಿದ್ದರೆ ಏನಾಗುತ್ತಿತ್ತು? ಕಂಪ್ಯೂಟರ್ ಆನ್ ಆಗುತ್ತಿತ್ತು, ಕೆಲಸವೂ ಮಾಡುತ್ತಿತ್ತು. ಯಾವತ್ತೋ ಒಂದು ದಿನ ಸೇವ್ ಮಾಡಿದ ಫೋಟೊದ ನಡುವೆ ಒಂದು ಗೆರೆ ಬರುತ್ತಿತ್ತು. ಹಾಳಾಗಿದೆ ಅಂತ ಗೊತ್ತಾಗುವ ಹೊತ್ತಿಗೆ ಮೂಲ ಫೈಲ್ ಇರುತ್ತಿರಲಿಲ್ಲ.

ಮೊದಲ ಸಲ ಆನ್ ಮಾಡಿದಾಗ ಇನ್ನೊಂದು ಹೆದರಿಕೆ. ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಡಿಡಿಆರ್5 ಅನ್ನುವ ಬಗೆಯ ಮೆಮೊರಿ ಹಾಕುವ ಬೋರ್ಡುಗಳು ಮೊದಲ ಸಲ ರ‍್ಯಾಮಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ. ಆ ಹೊತ್ತಿನಲ್ಲಿ ಆಫ್ ಮಾಡಬೇಡಿ, ತಾಳ್ಮೆಯಿಂದ ಕಾಯಿರಿ. ಪರದೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್. 2023ರಲ್ಲಿ ಇದೇ ಸಾಕೆಟ್ಟಿನ ಕೆಲವು ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟುಹೋಗಿದ್ದವು. ಆಮೇಲೆ ಬಂದ ಬಯಾಸ್‌ಗಳು ಪ್ರೊಸೆಸರಿನ ಒಂದು ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟಿಗೆ ಮಿತಿಗೊಳಿಸಿದವು. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಬೋರ್ಡಿನಲ್ಲಿ ಹಳೇ ಬಯಾಸೇ ಇರುತ್ತದೆ, ಅಲ್ವಾ?

ಮದರ್‌ಬೋರ್ಡು ಬಿ650. ತೀರ ಅಗ್ಗದ್ದು ಬೇಡ ಅಂದೆ, ಪ್ರೊಸೆಸರ್ ಪಕ್ಕದ ಪವರ್ ಭಾಗಗಳ ಮೇಲೆ ಹೀಟ್‌ಸಿಂಕ್ ಇರುವುದನ್ನು ಆರಿಸಿದೆ. ಎಸ್‌ಎಸ್‌ಡಿ ಡಿರ‍್ಯಾಮ್ (ತನ್ನದೇ ತಾತ್ಕಾಲಿಕ ಮೆಮೊರಿ) ಇರುವ ಟಿಎಲ್‌ಸಿ, ಅಂದರೆ ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಬಗೆಯದು. ಫೋಟೊ ತುಂಬಲು ಹಾರ್ಡ್ ಡಿಸ್ಕ್ ಸಿಎಂಆರ್ ಮಾದರಿಯದು, ಅಂದರೆ ಡೇಟಾ ಸಾಲುಗಳನ್ನು ಒಂದರ ಮೇಲೊಂದು ಹೊದಿಸದೆ ಬರೆಯುವುದು. ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರ್. ಬೆಂಗಳೂರಿನ ಹವೆ ಕಂಪ್ಯೂಟರಿಗೆ ಒಳ್ಳೆಯದು, ಧೂಳು ಮಾತ್ರ ಕಷ್ಟ.

ಇಷ್ಟು ಮಾಡಿದರೂ ಅರ್ಧ ಕೆಲಸ ಉಳಿದಿತ್ತು. ಅದು ಗೋಡೆಯೊಳಗಿತ್ತು. ನಮ್ಮದು ಹಳೇ ಮನೆ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಹಳೇ ಕಂಪ್ಯೂಟರಿನಲ್ಲೂ ಹಾಗೇ ಇತ್ತು, ನಾವೆಲ್ಲ ಅದಕ್ಕೆ ಒಗ್ಗಿಹೋಗಿದ್ದೆವು. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಹೇಳಿದರು: "ಸರ್, ಪ್ಲಗ್ಗಲ್ಲಿ ಮೂರು ತೂತು ಇದೆ, ಆದ್ರೆ ಅರ್ಥಿಂಗೇ ಇಲ್ಲ." ಅರ್ಥ್ ಸಿಗದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಲೋಹ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಕರೆಂಟ್ ತೀರ ಸಣ್ಣದು, ಅದಕ್ಕೇ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಯುಎಸ್‌ಬಿ ಪೋರ್ಟಿಗೆ, ಸಿಕ್ಕಿಸುವ ಡಿಸ್ಕಿಗೆ ಅದು ಒಳ್ಳೆಯದಲ್ಲ. ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಥ್ ಇಲ್ಲದೆ ಪೂರ್ತಿ ಕೆಲಸ ಮಾಡಲಾರದು. ಅಂಗಳದಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಹೊಸ ತಂತಿ ಎಳೆಸಿದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಬಕೆಟ್ ನೀರು ಹಾಕುತ್ತೇನೆ. ಇಡೀ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ಭಾವ ಕೇಳಿದರು. ನಮ್ಮ ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇದೆ. ಅದನ್ನು ಯುಪಿಎಸ್ ಮೋಡ್‌ಗೆ ಹಾಕದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು 30-40 ಮಿಲಿಸೆಕೆಂಡ್ ಹಿಡಿಯಬಹುದು. ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಆ ಸ್ವಿಚ್ ಬದಲಿಸಿದೆ. ಆದರೂ ಕಂಪ್ಯೂಟರಿಗೇ ಅಂತ 1000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಒಂದು ಯುಪಿಎಸ್ ಇಟ್ಟೆ. 600 ವಿಎ ಅಂತ ಮಾರುವವು ಸಾಮಾನ್ಯವಾಗಿ 360 ವ್ಯಾಟಷ್ಟೇ ಕೊಡುತ್ತವೆ. ನನ್ನ 300 ಚಿಲ್ಲರೆಗೆ ಅದು ತೀರ ಇಕ್ಕಟ್ಟು.

ಈಗ ಮದುವೆಯಿಂದ ಬಂದ ರಾತ್ರಿಯೇ ಫೋಟೊಗಳು ಎರಡು ಡಿಸ್ಕಿಗೆ ಹೋಗುತ್ತವೆ. ಒಂದು ಕಂಪ್ಯೂಟರಿನೊಳಗೆ, ಇನ್ನೊಂದು ಕೇಬಲ್ ಕಿತ್ತು ಬೀರುವಿನಲ್ಲಿ. ಎರಡರಲ್ಲೂ ಫೈಲ್ ತೆರೆದು ನೋಡುವ ತನಕ ಕ್ಯಾಮೆರಾ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದಿಲ್ಲ. ತಿಂಗಳ ಮೊದಲ ಭಾನುವಾರ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಲೆಕ್ಕ ತೆಗೆದು ಡಿಸ್ಕುಗಳ ಕೆಟ್ಟ ಸೆಕ್ಟರ್ ಎಷ್ಟು ಅಂತ ನೋಡುತ್ತೇನೆ. ಈ ಭಾನುವಾರ ಎರಡರಲ್ಲೂ ಸೊನ್ನೆ ಇತ್ತು.