ಡೀಸೆಲ್ ಪಂಪಿನ ಗ್ಲ್ಯಾಂಡ್: ತೊಟ್ಟಿಕ್ಕಬೇಕು, ಸುರಿಯಬಾರದು

ಹೊನ್ನಾಳಿ, ಹರಿಹರದ ಕಡೆ ತುಂಗಭದ್ರೆಯ ದಂಡೆಯಲ್ಲಿ ಕರೆಂಟು ಕೈಕೊಟ್ಟಾಗ ನೀರೆತ್ತುವ ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ, ನೀರಿನಿಂದ ತಂಪಾಗುವ ಇಂಜಿನ್ನಿಗೆ ಸಾಮಾನ್ಯವಾಗಿ ರೇಡಿಯೇಟರ್ ಇರುವುದಿಲ್ಲ. ಪಂಪು ಎತ್ತಿದ ಹೊಳೆಯ ನೀರಿನಲ್ಲೇ ಒಂದು ಪಾಲು ಸಣ್ಣ ಪೈಪಿನ ಮೂಲಕ ಇಂಜಿನ್ನಿನ ಜಾಕೆಟ್ (ಸಿಲಿಂಡರಿನ ಸುತ್ತ ನೀರು ಹರಿಯುವ ಪೊಳ್ಳು) ಹೊಕ್ಕು, ಅಲ್ಲಿನ ಬಿಸಿಯನ್ನು ಹೊತ್ತು ಹೊರಬೀಳುತ್ತದೆ. ಹೀಗಾಗಿ ಪಂಪು ಗಾಳಿ ಎಳೆದುಕೊಂಡರೆ ಗದ್ದೆ ಒಣಗುವುದಕ್ಕೆ ಬಹಳ ಮೊದಲೇ ಇಂಜಿನ್ ಕಾದು ಹೋಗುತ್ತದೆ. ಗಾಳಿ ನುಗ್ಗುವ ದಾರಿಗಳಲ್ಲಿ ಜನ ತಮ್ಮ ಕೈಯಾರೆ ಕೆಡಿಸಿಕೊಳ್ಳುವುದು ತಿರುಗುವ ಶಾಫ್ಟು ಪಂಪಿನೊಳಗೆ ಹೋಗುವಲ್ಲಿ, ಅದರ ಸುತ್ತ ತುಂಬಿದ ದಾರವನ್ನು ಅದುಮಿ ಸೋರಿಕೆ ತಡೆಯುವ ಗ್ಲ್ಯಾಂಡನ್ನು.

ಈ ದಾರ ಬದಲಿಸಲು ಮೊದಲು ಇಂಜಿನ್ ನಿಲ್ಲಿಸಿ, ಪಂಪಿನ ನೀರು ಬಸಿದು, ಗ್ಲ್ಯಾಂಡಿನ ಎರಡೂ ನಟ್ಟುಗಳನ್ನು ಬಿಚ್ಚಿ ಅದನ್ನು ಹಿಂದಕ್ಕೆ ಸರಿಸಿ.

ಒಳಗಿರುವ ಹಳೆಯ ಗ್ಲ್ಯಾಂಡ್ ದಾರವನ್ನು ಪೂರ್ತಿ ಹೊರತೆಗೆಯಬೇಕು. ಮೇಲಿನ ಎರಡು ಸುತ್ತನ್ನು ಕಿತ್ತು ಅದರ ಮೇಲೆ ಹೊಸದೊಂದನ್ನು ತುರುಕುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅಡಿಯಲ್ಲಿ ಉಳಿದದ್ದು ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಹೊಸ ಸುತ್ತು ಎರಡು ದಿನವೂ ಬಾಳುವುದಿಲ್ಲ. ತುದಿಯಲ್ಲಿ ತಿರುಪಿನ ಕೊಕ್ಕೆ ಇರುವ ಎಳೆಯುವ ಸಾಧನ ಬಳಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಶಾಫ್ಟಿನ ಮೇಲೆ ಬೀಳುವ ಗೀರು ಮುಂದೆ ಹಾಕುವ ದಾರವನ್ನೆಲ್ಲ ತಿನ್ನುತ್ತದೆ. ಹಳೆಯ ದಾರದಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟಾದ್ದರಿಂದ ಅದನ್ನು ಒದ್ದೆ ಮಾಡಿಯೇ ತೆಗೆಯಿರಿ, ಬಾಯಿಂದ ಊದಬೇಡಿ. ನಂತರ ಸ್ಲೀವಿನ (ಶಾಫ್ಟಿಗೆ ತೊಡಿಸಿದ ಲೋಹದ ಕೊಳವೆಯ) ಮೇಲೆ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಸ್ಲೀವ್ ಬದಲಿಸದೆ ದಾರ ಹಾಕುವುದು ಹಣ ಪೋಲು ಮಾಡಿದಂತೆ.

ದಾರ ಕೂರುವ ಗುಳಿಯ ಒಳವ್ಯಾಸದಿಂದ ಶಾಫ್ಟಿನ ವ್ಯಾಸ ಕಳೆದು, ಉಳಿದದ್ದನ್ನು ಅರ್ಧ ಮಾಡಿದರೆ ದಾರದ ದಪ್ಪ ಸಿಗುತ್ತದೆ, 46 ಮಿ.ಮೀ. ಗುಳಿ, 30 ಮಿ.ಮೀ. ಶಾಫ್ಟು ಎಂದರೆ 8 ಮಿ.ಮೀ. ದಾರ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ 8 ಇಲ್ಲವೆಂದು 10 ಕೊಟ್ಟು, ಸುತ್ತಿಗೆಯಲ್ಲಿ ಬಡಿದರೆ ಕೂರುತ್ತದೆ ಎಂದರು. ಬಡಿದದ್ದೂ ಆಯಿತು, ಮೂರು ಗಂಟೆಯಲ್ಲಿ ಅದು ಸುಟ್ಟು ವಾಸನೆ ಹೊಡೆದದ್ದೂ ಆಯಿತು. ಸೆಣಬಿನ ಹುರಿಗೆ ಗ್ರೀಸ್ ಬಳಿದು ತುಂಬುವುದು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು, ಇವೆರಡೂ ಬೇಡ. ಚದರ ಹೆಣಿಗೆಯ, ಗ್ರ್ಯಾಫೈಟ್ ಲೇಪಿತ ದಾರವನ್ನೇ ಕೊಳ್ಳಿ. ಕತ್ತರಿಸಿದ ತುದಿ ಕೈಯಲ್ಲಿ ಪುಡಿಯಾಗಿ ಉದುರಿದರೆ ಆ ಸರಕು ಬೇಡವೆಂದು ಹಿಂದಿರುಗಿಸಿ.

ಇಡೀ ದಾರವನ್ನು ಸ್ಪ್ರಿಂಗಿನಂತೆ ಒಂದೇ ಸಮನೆ ಸುತ್ತಿ ತುಂಬುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಗೆ ಮಾಡಿದರೆ ಆ ಸುತ್ತಿನ ಜಾಡು ಹಿಡಿದೇ ನೀರು ಹೊರಕ್ಕೂ, ಆಳದಿಂದ ನೀರೆಳೆಯುವಾಗ ಗಾಳಿ ಒಳಕ್ಕೂ ಸಾಗುತ್ತದೆ. ಶಾಫ್ಟಿನಷ್ಟೇ ದಪ್ಪದ ಪೈಪಿನ ತುಂಡಿಗೆ ದಾರ ಸುತ್ತಿ, ಹರಿತವಾದ ಬ್ಲೇಡಿನಿಂದ ಒಂದೊಂದೇ ಉಂಗುರವಾಗಿ ಕತ್ತರಿಸಿ. ತುದಿಗಳು ಒಂದಕ್ಕೊಂದು ತಾಗಬೇಕು, ಒಂದರ ಮೇಲೊಂದು ಏರಬಾರದು. ಉದ್ದಕ್ಕೆ ಸೀಳಿದ ಪಿ.ವಿ.ಸಿ. ಪೈಪಿನ ಎರಡು ಹೋಳುಗಳನ್ನು ಶಾಫ್ಟಿಗೆ ಎದುರು-ಬದುರು ಹಿಡಿದು, ಪ್ರತಿ ಉಂಗುರವನ್ನೂ ತಳ ಮುಟ್ಟುವಂತೆ ತಳ್ಳಿದ ಮೇಲಷ್ಟೇ ಮುಂದಿನದನ್ನು ಹಾಕಿ. ಮೊದಲ ಉಂಗುರದ ಸಂದು ಮೇಲಿದ್ದರೆ ಎರಡನೆಯದು ಬಲಕ್ಕೆ, ಮೂರನೆಯದು ಕೆಳಕ್ಕೆ, ಹೀಗೆ ಕಾಲು ಸುತ್ತು ಸರಿಯುತ್ತಿರಲಿ. ನಡುವೆ ಲೋಹದ ಉಂಗುರವಿದ್ದ ಪಂಪಾದರೆ, ಅದು ಗ್ಲ್ಯಾಂಡಿಗೆ ನೀರು ಬರುವ ತೂತಿನ ನೇರಕ್ಕೇ ಮರಳಿ ಕೂರಬೇಕು.

ನಟ್ಟುಗಳನ್ನು ಬೆರಳಿನಿಂದ ಬಿಗಿಯುವಷ್ಟೇ ಬಿಗಿದು, ಪಂಪಿಗೆ ನೀರು ತುಂಬಿ ಇಂಜಿನ್ ಚಾಲೂ ಮಾಡಿ. ಆಗ ನೀರು ಧಾರೆಯಾಗಿ ಸೋರುತ್ತದೆ. ಪಕ್ಕದಲ್ಲಿ ನಿಂತವರು «ಸೋರ್ತೈತಲ್ಲಣ್ಣ, ಇನ್ನೊಂದು ಸುತ್ತು ಬಿಗಿ ಮಾಡು» ಎನ್ನುತ್ತಾರೆ. ಅವರ ಮಾತಿಗೆ ಕಿವಿಗೊಡದೆ ಹತ್ತು ನಿಮಿಷ ಕಾಯಿರಿ. ಹೆಗಲ ಟವೆಲ್ಲನ್ನು ದೂರ ಇಟ್ಟು, ನಟ್ಟಿನ ಆರು ಮುಖಗಳಲ್ಲಿ ಒಂದು ಮುಖದಷ್ಟು ಮಾತ್ರ ಎರಡೂ ಕಡೆ ಸಮನಾಗಿ ತಿರುಗಿಸಿ, ಮತ್ತೆ ಹತ್ತು ನಿಮಿಷ ಬಿಡಿ. ನಿಮಿಷಕ್ಕೆ 30ರಿಂದ 60 ಹನಿ ತೊಟ್ಟಿಕ್ಕುವಲ್ಲಿಗೆ ನಿಲ್ಲಿಸಿ, ಏಕೆಂದರೆ ದಾರಕ್ಕೂ ಶಾಫ್ಟಿಗೂ ನಡುವೆ ಎಣ್ಣೆಯ ಕೆಲಸವನ್ನೂ ತಂಪಿಡುವ ಕೆಲಸವನ್ನೂ ಮಾಡುವುದು ಆ ಹನಿಗಳೇ. ಗ್ಲ್ಯಾಂಡಿನ ಹೊರಮೈ ಮುಟ್ಟಲಾಗದಷ್ಟು ಸುಟ್ಟರೆ ತಕ್ಷಣ ಸಡಿಲಿಸಿ.

ಈಗ ಜಾಕೆಟ್ಟಿನಿಂದ ಹೊರಬರುವ ನೀರನ್ನು ನೋಡಿ. ಧಾರೆ ಒಂದೇ ಸಮನಿದ್ದರೆ ಸರಿ. ಬುಸುಗುಟ್ಟುತ್ತ, ಗುಳ್ಳೆಯೊಡನೆ ಬಂದರೆ ಹೊಳೆಯಿಂದ ನೀರೆಳೆಯುವ ಸಕ್ಷನ್ ಪೈಪಿನ ಜೋಡಣೆಗಳನ್ನೂ ಅದರ ತುದಿಯ ಫುಟ್‌ವಾಲ್ವ್ ನೀರಲ್ಲಿ ಪೂರ್ತಿ ಮುಳುಗಿದೆಯೇ ಎಂಬುದನ್ನೂ ಪರೀಕ್ಷಿಸಿ. ಮಳೆಗಾಲದ ಕೆನ್ನೀರಿನಲ್ಲಿ ಮರಳು ದಾರದೊಳಗೆ ಸೇರಿ ಶಾಫ್ಟನ್ನು ಸವೆಸುವುದರಿಂದ ಫುಟ್‌ವಾಲ್ವ್ ತಳದ ಹೂಳಿಗೆ ತಾಗದಂತೆ ತುಸು ಮೇಲೆ ತೂಗಿರಲಿ. ಮೊದಲ ದಿನ ಓಡಿಸಿದ ಮೇಲೆ ದಾರ ತುಸು ಕುಗ್ಗುತ್ತದೆ. ಮರುದಿನ ಬೆಳಿಗ್ಗೆ ಹನಿ ಎಣಿಸಿ, ಬೇಕಿದ್ದರೆ ಇನ್ನೊಂದು ಮುಖ ತಿರುಗಿಸಿ. ಉಳಿದ ದಾರದಲ್ಲಿ ಒಂದು ಪೂರ್ತಿ ಸೆಟ್ ಉಂಗುರಗಳನ್ನು ಆಗಲೇ ಕತ್ತರಿಸಿ, ಅಳತೆ ಬರೆದ ಚೀಟಿಯೊಂದಿಗೆ ಸ್ಪ್ಯಾನರಿನ ಚೀಲದಲ್ಲಿಡಿ.